‘ಅರಿಗತೋ’ ಪೋರ್ಚುಗೀಸರ ಪದವೇ? ಜಪಾನಿಯಲ್ಲಿ ಥ್ಯಾಂಕ್ಸ್ ಹೇಳುವ ಫಾರ್ವರ್ಡ್‌ನಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

ಕಳೆದ ತಿಂಗಳು ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಒಂದು ಫಾರ್ವರ್ಡ್ ಬಂತು. ಚೆರ್ರಿ ಹೂವಿನ ಚಿತ್ರ, ಕಿಮೊನೊ ತೊಟ್ಟು ಕೈಮುಗಿದು ನಿಂತ ಹೆಣ್ಣುಮಗಳು, ಮೇಲೆ ದಪ್ಪ ಅಕ್ಷರದಲ್ಲಿ ‘ಜಪಾನೀಯರಿಗೆ ಗೌರವದಿಂದ ಧನ್ಯವಾದ ಹೇಳುವುದು ಹೇಗೆ?’ ಎಂಬ ಶೀರ್ಷಿಕೆ. ಅದರಲ್ಲಿದ್ದ ಮಾತುಗಳು ನಾಲ್ಕೇ:

1. ಜಪಾನೀಯರಿಗೆ ಮೊದಲು ಧನ್ಯವಾದ ಹೇಳಲು ಪದವೇ ಇರಲಿಲ್ಲ. ‘ಅರಿಗಾಟೊ’ ಎಂಬುದು ಪೋರ್ಚುಗೀಸರ ‘ಒಬ್ರಿಗಾದೊ’ದಿಂದ ಬಂದಿದ್ದು.
2. ‘ಸುಮಿಮಸೆನ್’ ಅಂದರೆ ‘ಸಾರಿ’. ಥ್ಯಾಂಕ್ಸ್ ಹೇಳುವಾಗ ಅದನ್ನು ಬಳಸಲೇಬಾರದು.
3. ಬಾಸ್‌ಗೆ, ಟೀಚರ್‌ಗೆ, ಹಿರಿಯರಿಗೆ ‘ಗೊಕುರೋಸಮ’ ಅಂತಲೇ ಹೇಳಬೇಕು. ಅದು ಅತಿ ಗೌರವದ ಮಾತು.
4. ಇವನ್ನೆಲ್ಲ ಕೈಮುಗಿದು ಹೇಳಬೇಕು. ಅದು ನಮ್ಮ ನಮಸ್ಕಾರವೇ, ಭಾರತದಿಂದ ಹೋಗಿದ್ದು.

ನಾನಾದರೆ ನೋಡಿ ಸುಮ್ಮನಾಗುತ್ತಿದ್ದೆ. ಆದರೆ ನಮ್ಮ ಚಿಕ್ಕಮ್ಮನ ಮಗಳು ಹಾಸನದಲ್ಲಿ ನರ್ಸಿಂಗ್ ಮುಗಿಸಿ, ಈಗ ಬೆಂಗಳೂರಿನಲ್ಲಿ ಜಪಾನಿ ಭಾಷೆ ಕಲಿಯುತ್ತಿದ್ದಾಳೆ. ಜಪಾನ್ 2019ರಲ್ಲಿ ಶುರು ಮಾಡಿದ ನಿರ್ದಿಷ್ಟ ಕೌಶಲದ ಕೆಲಸಗಾರರ ವೀಸಾ ಯೋಜನೆಗೆ 2021ರಲ್ಲಿ ಭಾರತವೂ ಒಪ್ಪಂದ ಮಾಡಿಕೊಂಡಿದೆ. ವಯಸ್ಸಾದವರ ಆರೈಕೆ ಆ ಯೋಜನೆಯ ಕೆಲಸಗಳಲ್ಲೊಂದು. ಅವಳ ಕಣ್ಣು ಅದರ ಮೇಲಿದೆ. ಅವಳು ಈ ಫಾರ್ವರ್ಡ್ ಅನ್ನು ಬಾಯಿಪಾಠ ಮಾಡಿಕೊಂಡು, ಕ್ಲಾಸಿನಲ್ಲಿ ನಡೆದ ಅಭ್ಯಾಸದ ಇಂಟರ್‌ವ್ಯೂನ ಕೊನೆಗೆ, ವಿಡಿಯೋ ಕಾಲ್‌ನಲ್ಲಿದ್ದ ಹಿರಿಯ ಜಪಾನಿ ಟೀಚರ್‌ಗೆ ಕೈಮುಗಿದು ‘ಗೊಕುರೋಸಮ ದೆಶಿತ’ ಅಂದಳಂತೆ. ಅವರು ಒಂದು ಕ್ಷಣ ಸುಮ್ಮನಿದ್ದು, ನಕ್ಕು, ಆಮೇಲೆ ನಿಧಾನವಾಗಿ ತಿದ್ದಿದರಂತೆ.

‘ದೊಡ್ಡವರಿಗೆ ಇದನ್ನೇ ಹೇಳ್ಬೇಕು ಅಂತ ಅದರಲ್ಲಿ ಇತ್ತಲ್ಲ ಅಕ್ಕ’ ಅಂತ ಅವಳು ಫೋನ್‌ನಲ್ಲಿ ಹೇಳುವಾಗ ಅವಳ ದನಿ ಸಣ್ಣಗಾಗಿತ್ತು. ಅಲ್ಲಿಂದ ಈ ಲೇಖನ ಶುರುವಾಯಿತು. ಒಂದೊಂದೇ ಮಾತನ್ನು ನೋಡೋಣ.

‘ಅರಿಗತೋ’ ಪೋರ್ಚುಗೀಸ್ ಪದವೇ?

ಅಲ್ಲ. ಇದು ನಮ್ಮಲ್ಲಷ್ಟೇ ಅಲ್ಲ, ಪ್ರಪಂಚದ ಎಷ್ಟೋ ಕಡೆ ಓಡಾಡುವ ಹಳೇ ಕಟ್ಟುಕಥೆ. ಕೇಳಲು ನಂಬುವ ಹಾಗೇ ಇದೆ. ಪೋರ್ಚುಗೀಸರು ನಿಜವಾಗಿಯೂ ಜಪಾನ್‌ಗೆ ಹೋಗಿದ್ದರು, ಅವರ ಎಷ್ಟೋ ಪದಗಳನ್ನು ಜಪಾನೀಯರು ಎತ್ತಿಕೊಂಡಿದ್ದಾರೆ. ಬ್ರೆಡ್ಡಿಗೆ ಜಪಾನಿಯಲ್ಲಿ ‘ಪಾನ್’, ಗುಂಡಿಗೆ ‘ಬೊತಾನ್’, ತಂಬಾಕಿಗೆ ‘ತಬಕೊ’. ನಮ್ಮ ‘ಪಾವ್ ಭಾಜಿ’ಯ ‘ಪಾವ್’ ಮತ್ತು ಅವರ ‘ಪಾನ್’ ಎರಡರ ಮೂಲವೂ ಒಂದೇ ಪೋರ್ಚುಗೀಸ್ ಪದ. ಬಟಾಟೆ, ಪಾದ್ರಿ, ಚಾವಿ ಕೂಡ ನಮಗೆ ಅವರಿಂದಲೇ ಬಂದವು. ಹಾಗಿರುವಾಗ ‘ಅರಿಗತೋ’ ಯಾಕೆ ಬಂದಿರಬಾರದು?

ಮೊದಲ ಕಾರಣ ಇಸವಿ. ಪೋರ್ಚುಗೀಸರು ಜಪಾನಿನ ತನೆಗಶಿಮ ದ್ವೀಪಕ್ಕೆ ಬಂದಿಳಿದಿದ್ದು 1543ರಲ್ಲಿ. ಆದರೆ ‘ಅರಿಗತೋ’ದ ತಾಯಿಪದ ‘ಅರಿಗತಶಿ’ ಅದಕ್ಕೂ ಐದು ಶತಮಾನಕ್ಕಿಂತ ಹಿಂದಿನ ಬರಹದಲ್ಲಿದೆ. ಸುಮಾರು ಕ್ರಿ.ಶ. 1000ದ ಹೊತ್ತಿಗೆ ಸೇಯ್ ಶೋನಗೊನ್ ಎಂಬ ಅರಮನೆಯ ಹೆಣ್ಣುಮಗಳು ಬರೆದ ‘ಮಕುರ ನೊ ಸೋಶಿ’ ಎಂಬ ಪುಸ್ತಕದಲ್ಲಿ, ಈ ಪದವನ್ನೇ ತಲೆಬರಹದಲ್ಲಿಟ್ಟುಕೊಂಡ ಒಂದು ಪಟ್ಟಿಯಿದೆ. ಅದು ಥ್ಯಾಂಕ್ಸ್ ಹೇಳುವ ಪಟ್ಟಿಯಲ್ಲ, ‘ಅಪರೂಪದ ಸಂಗತಿಗಳ’ ಪಟ್ಟಿ. ಅತ್ತೆಯ ಮೆಚ್ಚುಗೆ ಪಡೆದ ಸೊಸೆ ಕೂಡ ಅದರಲ್ಲಿದ್ದಾಳೆ!

ಎರಡನೇ ಕಾರಣ ಪದದ ಒಳಗೇ ಇದೆ. ‘ಅರಿ’ ಎಂದರೆ ಇರುವುದು. ‘ಕತಶಿ’ ಎಂದರೆ ಕಷ್ಟ. ಎರಡೂ ಸೇರಿದಾಗ ‘ಕ’ ಹೋಗಿ ‘ಗ’ ಆಗುತ್ತದೆ. ನಮ್ಮಲ್ಲಿ ‘ಮಳೆ’ಗೆ ‘ಕಾಲ’ ಸೇರಿ ‘ಮಳೆಗಾಲ’ ಆಗುವ ಹಾಗೆ. ಅಂದರೆ ‘ಇರುವುದೇ ಕಷ್ಟ’, ‘ಸಿಗುವುದು ಅಪರೂಪ’ ಎಂದು ಅರ್ಥ. ಅಪರೂಪವಾದದ್ದು ಬೆಲೆಬಾಳುವಂಥದ್ದು, ಬೆಲೆಬಾಳುವಂಥದ್ದು ಸಿಕ್ಕರೆ ಮನಸ್ಸು ತುಂಬುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಆ ಪದ ‘ಕೃತಜ್ಞತೆ’ಗೆ ಬಂದು ನಿಂತಿತು.

‘ಅರಿಗತಶಿ’ಯ ಇವತ್ತಿನ ರೂಪ ‘ಅರಿಗತಾಯ್’. ಅದರ ‘ಅರಿಗತಕು’ ಎಂಬ ರೂಪದಲ್ಲಿ ಕಕಾರ ಕಳೆದು ‘ಅರಿಗತೋ’ ಆಯಿತು. ಇದೊಂದೇ ಪದಕ್ಕೆ ಆದದ್ದಲ್ಲ. ‘ಹಯಾಯ್’ (ಬೇಗ) ಎಂಬುದರಿಂದ ಬೆಳಗಿನ ವಂದನೆ ‘ಒಹಯೋ’ ಬಂದಿದ್ದೂ, ‘ಮೆದೆತಾಯ್’ (ಶುಭ) ಎಂಬುದರಿಂದ ಅಭಿನಂದನೆಯ ‘ಒಮೆದೆತೋ’ ಬಂದಿದ್ದೂ ಇದೇ ದಾರಿಯಲ್ಲಿ. ಹೊರಗಿನಿಂದ ಬಂದ ಪದಕ್ಕೆ ಇಷ್ಟು ದೊಡ್ಡ ಸ್ವಂತ ಕುಟುಂಬ ಇರುವುದಿಲ್ಲ.

ಎರಡು ಪದ ಕಿವಿಗೆ ಒಂದೇ ಥರ ಕೇಳಿದ ಮಾತ್ರಕ್ಕೆ ನೆಂಟರಾಗುವುದಿಲ್ಲ. ಜಪಾನಿಯಲ್ಲಿ ‘ಮತ್ತೆ’ ಅಂದರೆ ‘ಸ್ವಲ್ಪ ಇರು, ಕಾಯಿ’ ಎಂದರ್ಥ. ನಮ್ಮ ‘ಮತ್ತೆ’ಗೂ ಅದಕ್ಕೂ ಸಂಬಂಧವಿಲ್ಲ.

ಬರೆಯುವುದು, ಉಚ್ಚರಿಸುವುದು ಹೇಗೆ?

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಇಂಗ್ಲಿಷ್ ಅಕ್ಷರದಲ್ಲಿ ಓದಿದವರು ‘ಅರಿಗಾಟೊ’ ಎನ್ನುತ್ತಾರೆ. ನಿಜವಾದ ಉಚ್ಚಾರಣೆಗೆ ಹತ್ತಿರವಾದದ್ದು ‘ಅರಿಗತೋ’. ‘ಗ’ ಹ್ರಸ್ವ, ‘ತ’ಕಾರ ನಮ್ಮ ‘ತಂದೆ’ಯ ತ, ಕೊನೆಯ ‘ತೋ’ ದೀರ್ಘ. ಜಪಾನಿಯಲ್ಲಿ ಹ್ರಸ್ವ-ದೀರ್ಘದಿಂದ ಅರ್ಥವೇ ಬದಲಾಗುತ್ತದೆ. ‘ಒಬಸನ್’ ಅಂದರೆ ಅತ್ತೆ, ಚಿಕ್ಕಮ್ಮನ ವಯಸ್ಸಿನವರು. ‘ಒಬಾಸನ್’ ಅಂದರೆ ಅಜ್ಜಿ. ನಮ್ಮ ಲಿಪಿಯಲ್ಲಿ ಈ ವ್ಯತ್ಯಾಸ ಸಲೀಸಾಗಿ ಬರೆದುಕೊಳ್ಳಬಹುದು. ಒತ್ತಕ್ಷರವೂ ನಮಗೆ ಹೊಸದಲ್ಲ. ನೋಟ್ಸ್ ಅನ್ನು ಕನ್ನಡದಲ್ಲಿ ಬರೆದುಕೊಂಡರೆ ಅರ್ಧ ತಪ್ಪು ಅಲ್ಲೇ ಕಡಿಮೆಯಾಗುತ್ತದೆ.

‘ಸುಮಿಮಸೆನ್’ ಥ್ಯಾಂಕ್ಸ್ ಅಲ್ಲವೇ?

ಫಾರ್ವರ್ಡ್ ಹೇಳುವುದು ಅರ್ಧ ನಿಜ. ‘ಸುಮಿಮಸೆನ್’ ಕ್ಷಮೆ ಕೇಳುವ ಮಾತು ಹೌದು. ಹೋಟೆಲ್‌ನಲ್ಲಿ ಸರ್ವರ್‌ನ ಕರೆಯುವ ‘ಸ್ವಲ್ಪ ಕೇಳಿ’ ಕೂಡ ಹೌದು. ಜೊತೆಗೆ ಅದು ದಿನನಿತ್ಯದ ಥ್ಯಾಂಕ್ಸ್ ಕೂಡ. ರೈಲಿನಲ್ಲಿ ನಿಮ್ಮ ಕೈಯಿಂದ ಬಿದ್ದ ಕರವಸ್ತ್ರವನ್ನು ಅಪರಿಚಿತರೊಬ್ಬರು ಎತ್ತಿಕೊಟ್ಟರೆ, ಲಿಫ್ಟ್‌ನ ಬಾಗಿಲು ಹಿಡಿದು ನಿಂತರೆ, ಜಪಾನೀಯರ ಬಾಯಲ್ಲಿ ಮೊದಲು ಬರುವುದು ಬಹುಮಟ್ಟಿಗೆ ಇದೇ.

ಕ್ಷಮೆ ಹೇಗೆ ಥ್ಯಾಂಕ್ಸ್ ಆಗುತ್ತದೆ? ಇದು ವಿಚಿತ್ರ ಅನ್ನಿಸಿದರೆ ನಮ್ಮ ಮನೆಯನ್ನೇ ನೆನಪಿಸಿಕೊಳ್ಳಿ. ಯಾರೋ ಮಳೆಯಲ್ಲಿ ನೆನೆದುಕೊಂಡು ಬಂದು ನಿಮಗೆ ಔಷಧಿ ತಂದುಕೊಟ್ಟರೆ ಅಜ್ಜಿ ‘ಧನ್ಯವಾದ’ ಅನ್ನುತ್ತಾರಾ? ‘ಅಯ್ಯೋ, ನಿಮಗೆ ಸುಮ್ನೆ ತೊಂದ್ರೆ ಕೊಟ್ವಿ’ ಅನ್ನುತ್ತಾರೆ. ಅದು ಕ್ಷಮೆಯೂ ಹೌದು, ಕೃತಜ್ಞತೆಯೂ ಹೌದು. ‘ಸುಮು’ ಎಂದರೆ ಮುಗಿಯುವುದು, ತೀರುವುದು. ‘ಸುಮಿಮಸೆನ್’ ಎಂದರೆ ‘ತೀರಲಿಲ್ಲ’. ನೀವು ಪಟ್ಟ ತೊಂದರೆಯ ಲೆಕ್ಕ ನನ್ನ ಕಡೆಯಿಂದ ಇನ್ನೂ ಚುಕ್ತಾ ಆಗಿಲ್ಲ ಎಂಬ ಭಾವ. ‘ನಿಮ್ಮ ಋಣ ತೀರಿಸೋಕಾಗಲ್ಲ’ ಎಂದು ನಾವು ಹೇಳುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಎರಡು ಎಚ್ಚರಿಕೆ. ಒಂದು, ‘ಗೊಮೆನ್ ನಸಾಯ್’ ಎಂಬ ಇನ್ನೊಂದು ಕ್ಷಮೆಯ ಮಾತಿದೆ. ಅದು ಬರೀ ಕ್ಷಮೆ, ಥ್ಯಾಂಕ್ಸ್‌ಗೆ ಆಗಿಬರುವುದಿಲ್ಲ. ಎರಡು, ದೊಡ್ಡ ಉಪಕಾರಕ್ಕೆ ಸುಮಿಮಸೆನ್ ಒಂದೇ ಸಾಲದು. ‘ಸುಮಿಮಸೆನ್’ ಎಂದು ಶುರು ಮಾಡಿ, ‘ಅರಿಗತೋ ಗೊಜಾಯ್‌ಮಸ್’ ಎಂದು ಮುಗಿಸಿದರೆ ಒಳ್ಳೆಯದು.

‘ಗೊಕುರೋಸಮ’ ಹಿರಿಯರಿಗೆ ಹೇಳಬಹುದೇ?

ಹೇಳಬಾರದು. ಇಡೀ ಫಾರ್ವರ್ಡ್‌ನಲ್ಲಿ ನಿಜವಾಗಿ ಪೆಟ್ಟು ಕೊಡುವ ತಪ್ಪು ಇದು.

‘ಕುರೋ’ ಎಂದರೆ ಕಷ್ಟ, ಶ್ರಮ. ಹಿಂದೆ ‘ಗೊ’, ಮುಂದೆ ‘ಸಮ’ ಎಂಬ ಗೌರವದ ತುಣುಕುಗಳಿವೆ. ಅದನ್ನು ನೋಡಿಯೇ ಫಾರ್ವರ್ಡ್ ಬರೆದವರು ‘ಅತಿ ಗೌರವ’ ಎಂದುಕೊಂಡಿರಬೇಕು. ಆದರೆ ಈ ಮಾತು ಹರಿಯುವುದು ಮೇಲಿನಿಂದ ಕೆಳಕ್ಕೆ. ಮೇಲಧಿಕಾರಿ ಕೈಕೆಳಗಿನವರಿಗೆ ‘ಚೆನ್ನಾಗಿ ದುಡಿದ್ರಿ, ಆಯ್ತು’ ಎನ್ನುವ ಧಾಟಿ. ಹೊಸದಾಗಿ ಸೇರಿದ ನರ್ಸ್ ಒಬ್ಬಳು ಸಂಜೆ ಡಾಕ್ಟರ ಹತ್ತಿರ ಹೋಗಿ ‘ಶಹಬ್ಬಾಸ್, ಇವತ್ತು ಒಳ್ಳೆ ಕೆಲಸ ಮಾಡಿದ್ರಿ’ ಅಂದರೆ ಹೇಗಿರುತ್ತದೆ? ಪದಗಳಲ್ಲಿ ತಪ್ಪಿಲ್ಲ, ಹೇಳಿದವರು ಯಾರು ಎಂಬುದರಲ್ಲಿ ತಪ್ಪಿದೆ.

ಜೊತೆಗೆ ಕೆಲಸ ಮಾಡುವವರಿಗೆ ದಿನದ ಕೊನೆಗೆ ಹೇಳುವುದು ‘ಒತ್ಸುಕರೆಸಮ ದೆಶಿತ’. ‘ತ್ಸುಕರೆ’ ಅಂದರೆ ದಣಿವು. ‘ದಣಿದಿದ್ದೀರಿ’ ಎಂದು ಒಬ್ಬರನ್ನೊಬ್ಬರು ಗುರುತಿಸುವ ಮಾತು. ಇದನ್ನು ಸಮಾನರಿಗೂ ಮೇಲಿನವರಿಗೂ ಹೇಳುವ ರೂಢಿಯಿದೆ. ಆದರೆ ಪಾಠ ಮಾಡಿದ ಟೀಚರ್‌ಗೆ, ಇಂಟರ್‌ವ್ಯೂ ತೆಗೆದುಕೊಂಡವರಿಗೆ ಇದೂ ಬೇಡ. ನೇರವಾಗಿ ‘ಅರಿಗತೋ ಗೊಜಾಯ್‌ಮಶಿತ’ ಎಂದರೆ ಎಲ್ಲೂ ತಪ್ಪಾಗುವುದಿಲ್ಲ.

ಹಾಗಂತ ಗಾಬರಿ ಬೀಳಬೇಕಿಲ್ಲ. ಭಾಷೆ ಕಲಿಯುತ್ತಿರುವ ವಿದೇಶಿಯರ ತಪ್ಪನ್ನು ಹೆಚ್ಚಿನವರು ನಕ್ಕು ಬಿಡುತ್ತಾರೆ. ನನ್ನ ತಂಗಿಗೆ ಆದದ್ದೂ ಅದೇ. ಆದರೆ ಎಲ್ಲರೂ ತಿದ್ದುವುದಿಲ್ಲ. ಎಂಬತ್ತು-ತೊಂಬತ್ತು ವಯಸ್ಸಿನವರನ್ನು ದಿನವಿಡೀ ನೋಡಿಕೊಳ್ಳುವ ಕೆಲಸದಲ್ಲಿ, ಆ ಅಜ್ಜ-ಅಜ್ಜಿಯರು ಮೊದಲು ಗಮನಿಸುವುದು ಮಾತಿನ ಧಾಟಿಯನ್ನೇ.

ಕೈಮುಗಿಯಬೇಕೇ?

ಇಲ್ಲೂ ಅರ್ಧ ನಿಜ. ಕೈಜೋಡಿಸುವುದಕ್ಕೆ ಜಪಾನಿಯಲ್ಲಿ ‘ಗಶ್ಶೋ’ ಎನ್ನುತ್ತಾರೆ. ಭಾರತದಲ್ಲಿ ಹುಟ್ಟಿದ ಬೌದ್ಧಧರ್ಮ ಚೀನಾ, ಕೊರಿಯಾಗಳನ್ನು ದಾಟಿ ಆರನೇ ಶತಮಾನದ ಹೊತ್ತಿಗೆ ಜಪಾನ್ ಮುಟ್ಟಿತು, ಅದರ ಜೊತೆ ಈ ಮುದ್ರೆಯೂ ಹೋಯಿತು. ಅಷ್ಟರ ಮಟ್ಟಿಗೆ ಫಾರ್ವರ್ಡ್ ಸರಿ.

ಆದರೆ ಜಪಾನೀಯರು ಕೈಜೋಡಿಸುವುದು ಬುದ್ಧನ ಮುಂದೆ, ತೀರಿಕೊಂಡವರ ಸಮಾಧಿಯ ಮುಂದೆ, ಊಟಕ್ಕೆ ಮುಂಚೆ ಮತ್ತು ಊಟದ ನಂತರ. ಗೆಳೆಯರ ನಡುವೆ ‘ದಯವಿಟ್ಟು’, ‘ತಪ್ಪಾಯ್ತು ಮಾರಾಯಾ’ ಎನ್ನುವಾಗಲೂ ಕೈಜೋಡಿಸುವುದುಂಟು. ಆಫೀಸಿನಲ್ಲಿ ಅಥವಾ ಹಿರಿಯರಿಗೆ ಥ್ಯಾಂಕ್ಸ್ ಹೇಳುವಾಗ ಮಾಡಬೇಕಾದದ್ದು ಬಾಗುವುದು. ಕೈಗಳು ಪಕ್ಕದಲ್ಲಿ ಅಥವಾ ಮುಂದೆ, ಬೆನ್ನು ನೇರ, ಸೊಂಟದಿಂದ ಬಾಗುವುದು. ಅಲ್ಲಿನ ಕಂಪನಿಗಳ ಶಿಷ್ಟಾಚಾರದ ತರಬೇತಿಯಲ್ಲಿ ಇದಕ್ಕೆ ಅಳತೆಯನ್ನೇ ಹೇಳಿಕೊಡುತ್ತಾರೆ: ಎದುರು ಸಿಕ್ಕಾಗ 15 ಡಿಗ್ರಿ, ಗೌರವದ ವಂದನೆಗೆ 30, ಆಳವಾದ ಕೃತಜ್ಞತೆ ಅಥವಾ ಕ್ಷಮೆಗೆ 45. ಯಾರೂ ಕೋನಮಾಪಕ ಹಿಡಿದು ನಿಲ್ಲುವುದಿಲ್ಲ. ಉಪಕಾರ ದೊಡ್ಡದಾದಷ್ಟೂ ಹೆಚ್ಚು ಬಾಗಿ, ನಿಧಾನವಾಗಿ ಏಳಿ ಎಂಬುದಷ್ಟೇ ಸೂತ್ರ.

ಹಾಗಾದರೆ ಹೇಗೆ ಹೇಳಬೇಕು?

ಸಂಬಂಧಕ್ಕೆ ತಕ್ಕ ಹಾಗೆ ಹೀಗೆ ನೆನಪಿಟ್ಟುಕೊಳ್ಳಿ.

• ಅರಿಗತೋ: ಗೆಳೆಯರಿಗೆ, ತಮ್ಮ-ತಂಗಿಯರಿಗೆ. ನಮ್ಮ ‘ಥ್ಯಾಂಕ್ಸ್ ಕಣೋ’ ಇದ್ದಂತೆ. ಬಾಸ್‌ಗೆ ಇಷ್ಟಕ್ಕೇ ನಿಲ್ಲಿಸಬೇಡಿ.
• ದೋಮೊ: ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಳ್ಳುವಾಗ ಸಣ್ಣಗೆ ಹೇಳುವ ಮಾತು. ಹಿರಿಯರಿಗೆ ಇದೊಂದೇ ಹೇಳಿದರೆ ಉದಾಸೀನ ಅನ್ನಿಸಬಹುದು.
• ಅರಿಗತೋ ಗೊಜಾಯ್‌ಮಸ್: ಅಪರಿಚಿತರಿಗೆ, ಹಿರಿಯರಿಗೆ, ಕೆಲಸದ ಜಾಗದಲ್ಲಿ. ಕೊನೆಯ ‘ಸು’ವಿನ ಉಕಾರ ಕೇಳಿಯೂ ಕೇಳದಂತೆ.
• ದೋಮೊ ಅರಿಗತೋ ಗೊಜಾಯ್‌ಮಸ್: ಮೇಲಿನದಕ್ಕಿಂತ ಒತ್ತು ಹೆಚ್ಚು, ‘ಬಹಳ ಉಪಕಾರವಾಯಿತು’.
• ಅರಿಗತೋ ಗೊಜಾಯ್‌ಮಶಿತ: ಉಪಕಾರ ಮುಗಿದ ಮೇಲೆ. ಕ್ಲಾಸ್ ಮುಗಿದಾಗ, ಊರು ಬಿಡುವಾಗ, ಮೀಟಿಂಗ್‌ನಿಂದ ಎದ್ದಾಗ.

ಒಸಾಕ, ಕ್ಯೋತೊ ಕಡೆ ಹೋದರೆ ‘ಓಕಿನಿ’ ಎಂಬುದೂ ಕಿವಿಗೆ ಬೀಳುತ್ತದೆ. ಅದು ಅಲ್ಲಿನ ಊರುಮಾತಿನ ಥ್ಯಾಂಕ್ಸ್. ಒಕಿನಾವದಲ್ಲಿ ‘ನಿಫೇ ದೇಬಿರು’ ಎನ್ನುತ್ತಾರೆ.

ಇದಿಷ್ಟೇ ಕಲಿತರೂ ಕೆಲಸ ನಡೆಯುತ್ತದೆ. ಆದರೆ ನಿಜವಾದ ವಿನಯ ಇರುವುದು ಮುಂದಿನ ಮೆಟ್ಟಿಲಲ್ಲಿ: ಅವರು ನಿಮಗಾಗಿ ಏನು ಮಾಡಿದರು ಎಂಬುದನ್ನು ಹೆಸರಿಸುವುದು.

‘ಒಶಿಯೆತೆ ಕುದಸತ್ತೆ ಅರಿಗತೋ ಗೊಜಾಯ್‌ಮಸ್’ ಎಂದರೆ ‘ಹೇಳಿಕೊಟ್ಟಿದ್ದಕ್ಕೆ ಧನ್ಯವಾದ’. ‘ಒಶಿಯೆತೆ’ ಹೇಳಿ, ಕಲಿಸಿ. ‘ಕುದಸತ್ತೆ’ ಕೊಟ್ಟು, ಅದೂ ಗೌರವದ ‘ಕೊಡು’. ಕನ್ನಡದಲ್ಲಿ ಹೇಳಿಕೊಡು, ಬರೆದುಕೊಡು, ಮಾಡಿಕೊಡು ಎನ್ನುವಾಗ ಆ ‘ಕೊಡು’ ಏನು ಮಾಡುತ್ತದೋ, ಜಪಾನಿಯ ‘ಕುದಸರು’ ಅದನ್ನೇ ಮಾಡುತ್ತದೆ: ಕೆಲಸ ನನ್ನ ಒಳಿತಿಗಾಗಿ ಆಯಿತು ಎಂದು ತೋರಿಸುತ್ತದೆ. ಇಂಗ್ಲಿಷ್‌ನಿಂದ ಜಪಾನಿ ಕಲಿಯುವವರು ಒದ್ದಾಡುವ ಈ ಜಾಗ ಕನ್ನಡಿಗರಿಗೆ ಮನೆಯಂಗಳ. ‘ತೆತ್ಸುದತ್ತೆ ಕುದಸತ್ತೆ’ ಎಂದರೆ ಸಹಾಯ ಮಾಡಿಕೊಟ್ಟಿದ್ದಕ್ಕೆ. ‘ಮತ್ತೆ ಕುದಸತ್ತೆ’ ಎಂದರೆ ನನಗಾಗಿ ಕಾದಿದ್ದಕ್ಕೆ. ಕೊನೆಗೆ ‘ಅರಿಗತೋ ಗೊಜಾಯ್‌ಮಸ್’ ಸೇರಿಸಿದರೆ ವಾಕ್ಯ ಪೂರ್ತಿ.

ಊಟದ ಥ್ಯಾಂಕ್ಸ್, ನೆರಳಿನ ಥ್ಯಾಂಕ್ಸ್

ಊಟಕ್ಕೆ ಮುಂಚೆ ‘ಇತದಕಿಮಸ್’, ಅಂದರೆ ‘ತಲೆಬಾಗಿ ಸ್ವೀಕರಿಸುತ್ತೇನೆ’. ಊಟವಾದ ಮೇಲೆ ‘ಗೊಚಿಸೋಸಮ ದೆಶಿತ’. ಇದರೊಳಗಿನ ‘ಚಿಸೋ’ಗೆ ಮೂಲದಲ್ಲಿ ಓಡಾಡುವುದು ಎಂದರ್ಥ. ಅತಿಥಿಗಾಗಿ ಸಾಮಾನು ಹೊಂದಿಸಲು ಓಡಾಡಿದಿರಿ ಎಂಬ ನೆನಪು ಆ ಮಾತಿನಲ್ಲಿದೆ. ಬಡಿಸಿದವರಿಗೆ, ಬಿಲ್ ಕೊಟ್ಟವರಿಗೆ ಇದನ್ನು ಹೇಳದೆ ಎದ್ದರೆ ಚೆನ್ನಾಗಿರುವುದಿಲ್ಲ.

‘ಹೇಗಿದ್ದೀರಿ?’ ಎಂದರೆ ‘ಒಕಗೆಸಮ ದೆ’ ಎಂದು ಉತ್ತರ ಶುರುವಾಗಬಹುದು. ‘ಕಗೆ’ ಎಂದರೆ ನೆರಳು. ನಿಮ್ಮ ನೆರಳಿನಲ್ಲಿ ಚೆನ್ನಾಗಿದ್ದೇನೆ ಎಂದ ಹಾಗೆ. ನಮ್ಮ ಹಿರಿಯರು ‘ನಿಮ್ಮ ಆಶೀರ್ವಾದದಿಂದ’ ಎನ್ನುವುದಿಲ್ಲವೇ, ಹಾಗೆ.

ಒಮ್ಮೆ ಹೇಳಿದರೆ ಮುಗಿಯಿತೇ?

ಇಲ್ಲ. ಯಾವ ಫಾರ್ವರ್ಡ್‌ನಲ್ಲೂ ನನಗೆ ಕಾಣದ ವಿಷಯ ಇದು. ಜಪಾನಿನಲ್ಲಿ ಯಾರಾದರೂ ಊಟಕ್ಕೆ ಕರೆದಿದ್ದರೆ, ಉಡುಗೊರೆ ಕೊಟ್ಟಿದ್ದರೆ, ಸಹಾಯ ಮಾಡಿದ್ದರೆ, ಮುಂದಿನ ಸಲ ಸಿಕ್ಕಾಗ ಮೊದಲ ಮಾತು ‘ಸೆಂಜಿತ್ಸು ವ ಅರಿಗತೋ ಗೊಜಾಯ್‌ಮಶಿತ’. ಅಂದರೆ ‘ಮೊನ್ನೆಯದ್ದಕ್ಕೆ ಧನ್ಯವಾದ’. ಅವತ್ತೇ ಹೇಳಿದ್ದೆನಲ್ಲ ಎಂದು ಬಿಟ್ಟರೆ, ಮರೆತೇಬಿಟ್ಟರು ಅನ್ನಿಸಬಹುದು. ಅಲ್ಲಿ ಎರಡನೇ ಥ್ಯಾಂಕ್ಸ್ ಕೂಡ ಮರ್ಯಾದೆಯ ಭಾಗ.

ನಿಮಗೆ ಯಾರಾದರೂ ಥ್ಯಾಂಕ್ಸ್ ಹೇಳಿದರೆ? ಪುಸ್ತಕದಲ್ಲಿ ‘ದೋ ಇತಶಿಮಶಿತೆ’ ಇರುತ್ತದೆ. ತಪ್ಪಲ್ಲ. ಆದರೆ ದಿನದ ಮಾತಿನಲ್ಲಿ ‘ಇಯೆ ಇಯೆ’ (ಅಯ್ಯೋ, ಇರಲಿ ಬಿಡಿ) ಎಂದು ತಲೆಬಾಗಿದರೆ ಸಾಕು.

ಒಟ್ಟಿನಲ್ಲಿ

• ‘ಅರಿಗತೋ’ ಪೋರ್ಚುಗೀಸ್ ಪದ: ಸುಳ್ಳು. ಪೋರ್ಚುಗೀಸರಿಗಿಂತ ಶತಮಾನಗಳಷ್ಟು ಹಳೆಯ ಜಪಾನಿ ಪದ.
• ‘ಸುಮಿಮಸೆನ್’ ಥ್ಯಾಂಕ್ಸ್ ಅಲ್ಲ: ಅರ್ಧ ನಿಜ. ಕ್ಷಮೆಗೂ ಬರುತ್ತದೆ, ಥ್ಯಾಂಕ್ಸ್‌ಗೂ ಬರುತ್ತದೆ.
• ಹಿರಿಯರಿಗೆ ‘ಗೊಕುರೋಸಮ’: ಸುಳ್ಳು. ಹೇಳಬೇಡಿ.
• ಕೈಮುಗಿದು ಹೇಳಬೇಕು: ಅರ್ಧ ನಿಜ. ಮುದ್ರೆ ಭಾರತದಿಂದ ಹೋದದ್ದು, ಆದರೆ ಥ್ಯಾಂಕ್ಸ್‌ಗೆ ಬಾಗುವುದು ರೂಢಿ.

ತಂಗಿ ಮುಂದಿನ ಕ್ಲಾಸಿನಲ್ಲಿ ಅದೇ ಟೀಚರ್‌ಗೆ ‘ಸೆಂಜಿತ್ಸು ವ ಒಶಿಯೆತೆ ಕುದಸತ್ತೆ ಅರಿಗತೋ ಗೊಜಾಯ್‌ಮಶಿತ’ ಅಂದಳಂತೆ. ಮೊನ್ನೆ ತಿದ್ದಿ ಹೇಳಿಕೊಟ್ಟಿದ್ದಕ್ಕೆ ಧನ್ಯವಾದ ಅಂತ. ಈ ಸಲ ಅವರು ಕ್ಯಾಮೆರಾ ಮುಂದೆಯೇ ಬಾಗಿದರಂತೆ.

ಆ ಚೆರ್ರಿ ಹೂವಿನ ಫಾರ್ವರ್ಡ್ ನಿಮ್ಮ ಗ್ರೂಪ್‌ಗೂ ಬಂದಿರಬಹುದು. ಕಳಿಸಿದವರು ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ, ಅವರ ಮೇಲೆ ಸಿಟ್ಟು ಬೇಡ. ಮೂರನೇ ಸಾಲು ತಪ್ಪು ಅಂತ ಮೆತ್ತಗೆ ತಿಳಿಸಿ. ನಿಮ್ಮ ಪರಿಚಯದಲ್ಲಿ ಯಾರಾದರೂ ಜಪಾನ್‌ಗೆ ಹೊರಟಿದ್ದರೆ ಇದನ್ನು ಮೊದಲು ಅವರಿಗೆ ಕಳಿಸಿ.